ಬಣ್ಣ ಹೇಳುವ ತೋಳು

ನಾಯಿ ಸರದಾರ ಹಾರಿ ಬಂದು ಕಚ್ಚಿದ. ಇಮಾಮಸಾಬ್ ನದಾಫ್ ಎಡಗೈಗೆ ತೊಟ್ಟಿದ್ದ ದಪ್ಪ ತೋಳುಗವಸು ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿಯಾಗಿ ಹೊಳೆಯಿತು.

"ನೀಲಿ ಅಂದ್ರ ಏನ್ರೀ ಮೇಡಂ?"

"ಹೆದರಿಕೆ," ಎಂದರು ಡಾ. ಸುಮೇಧಾ ಹಾವನೂರ.

ಅದು 2061ನೆಯ ಇಸವಿ. ಮುಧೋಳದ ಹೊರಗಿನ ಆ ಕಾವಲುನಾಯಿ ಶಾಲೆಯಲ್ಲಿ ಕಳ್ಳನಂತೆ ನಟಿಸಿ ಕಚ್ಚಿಸಿಕೊಳ್ಳುವುದೇ ನದಾಫನ ಉದ್ಯೋಗ. ಇಪ್ಪತ್ತೆರಡು ವರ್ಷ ಸೆಣಬಿನ ತೋಳುಗವಸನ್ನೇ ತೊಟ್ಟಿದ್ದ. ಸುಮೇಧಾ ತಾವೇ ರೂಪಿಸಿ, ಶಾಲೆಗೆ ಮಾರಲು ತಂದದ್ದು ಬೇರೆ. ಅದರ ನೇಯ್ಗೆಯೊಳಗೆ ಕೂದಲಿಗಿಂತ ತೆಳುವಾದ ಸಂವೇದಕಗಳಿದ್ದವು. ದವಡೆಯ ಒತ್ತಡ, ಹಿಡಿತದ ನಡುಕ, ಜೊಲ್ಲಿನ ರಾಸಾಯನಿಕಗಳನ್ನು ಅಳೆದು ನಾಯಿ ಕಚ್ಚಿದ್ದೇಕೆಂದು ಅವು ಹೇಳುತ್ತಿದ್ದವು: ಆಟಕ್ಕೆ ಹಸಿರು, ಸಿಟ್ಟಿಗೆ ಕೆಂಪು, ಭಯಕ್ಕೆ ನೀಲಿ. ಭಯದಿಂದ ಕಚ್ಚಿದ ನಾಯಿ ಬಿಡೆಂದರೂ ಬಿಡದು. ಸರದಾರನೋ, ಇನ್ನು ಹತ್ತು ದಿನಕ್ಕೆ ರೈಲು ನಿಲ್ದಾಣದ ಕಾವಲಿಗೆ ಹೋಗುವವನು.

"ತೋಳು ಕೆಟ್ಟೈತಿ," ಎಂದು, ಆಗತಾನೇ 'ಹಿಡಿ!' ಎಂದು ಅಬ್ಬರಿಸಿದ್ದ ಶಾಲೆಯ ಮುಖ್ಯಸ್ಥ ಅಪ್ಪಾಸಾಹೇಬ ಇನಾಮದಾರರು ಗುಡುಗಿದರು. "ನಮ್ಮ ಸರದಾರಗ ಹೆದರಿಕಿ? ಹುಲಿ ಅದು." ಸ್ವಲ್ಪ ಯೋಚಿಸಿ, "ತಗೊಳ್ಳೂಣು. ಆದ್ರ ನೀಲಿ ಬಣ್ಣ ತಗದು ಕೊಡ್ರಿ. ಎರಡು ಸಾಕು," ಎಂದರು.

ನದಾಫ್ ನಾಯಿಯ ಬೆನ್ನು ಸವರಿದ. "ಸಾಹೇಬ್ರ, ನೀವು ಒಂದ್ ಗಳಿಗಿ ಬೇಲಿ ಹೊರಗ ನಿಲ್ರಿ. ಬಾಯಿ ಮುಚ್ಕೊಂಡು." ಕೊನೆಯ ಮಾತು ಬಾಯಿ ತಪ್ಪಿ ಬಂದಿತ್ತು. ಬೆಚ್ಚಿಬಿದ್ದ ಇನಾಮದಾರರು ಮಾತಿಲ್ಲದೆ ಹೋಗಿ ನಿಂತರು.

ನದಾಫ್ ಸುಮ್ಮನೆ ಕೈಬೀಸಿದ್ದಕ್ಕೆ ಸರದಾರ ಮತ್ತೆ ಹಾರಿದ. ತೋಳು ಭತ್ತದ ಸಸಿಯಂತೆ ಹಸಿರಾಯಿತು.

"ಏನೋ ಹಂಗ ಆಗೈತಿ," ಎನ್ನುತ್ತ ಇನಾಮದಾರರು ಒಳಬಂದು, ತೋಳುಗವಸು ಕಿತ್ತುಕೊಂಡು ತಾವೇ ತೊಟ್ಟರು. "ಸರದಾರ, ಹಿಡಿ!"

ನಾಯಿ ಬಾಲ ಮುದುರಿಕೊಂಡು ನದಾಫನ ಕಾಲ ಹಿಂದೆ ಅವಿತುಕೊಂಡಿತು. ಕಾವಲುಗಾರನೇ ಕಳ್ಳನ ಮರೆ ಹೊಕ್ಕಿದ್ದ.

ಇನಾಮದಾರರು ಮಗುಚಿಟ್ಟ ನೀರಿನ ಬಾನಿಯ ಮೇಲೆ ಕುಳಿತರು. "ನಾ ಅಷ್ಟು ಒದರ್ತೀನೇನೋ, ಇಮಾಮ?"

"ಊರಾಗ ಗಡಿಯಾರ ಇಲ್ದವ್ರು ನಿಮ್ಮ ದನಿ ಕೇಳೇ ಏಳ್ತಾರ್ರಿ."

ಸುಮೇಧಾ ನಗು ಅಡಗಿಸಲು ಪೆಟ್ಟಿಗೆಯಲ್ಲಿ ಏನನ್ನೋ ಹುಡುಕತೊಡಗಿದರು. ಇನಾಮದಾರರು ಮೂರೂ ಬಣ್ಣದ ತೋಳಿನ ಖರೀದಿಗೇ ಸಹಿ ಹಾಕಿ, ಸರದಾರನನ್ನು ನಿಲ್ದಾಣಕ್ಕೆ ಕಳಿಸದೆ ಮೂರು ತಿಂಗಳು ತಡೆದು, ಪಿಸುಮಾತಿನಲ್ಲಿ ಆಜ್ಞೆ ಕೊಡುವುದನ್ನು ಕಲಿಯತೊಡಗಿದರು. ಮೊದಲ ವಾರ ಅವರಿಗೇ ಕೆಮ್ಮು ಬಂತು. ಸರದಾರ ಮಾತ್ರ ಮೆಲ್ಲಗೆ 'ಬಿಡು' ಎಂದರೂ ಬಿಡುವಷ್ಟು ಪಳಗಿದ.

ವರ್ಷ ಕಳೆಯುವುದರೊಳಗೆ ಸುದ್ದಿ ಹಬ್ಬಿ ಜನ ನೋಡಲು ಬಂದರು. ಒಂದು ದಿನ ಬಂದ ಹೈಸ್ಕೂಲು ಹೆಡ್‌ಮಾಸ್ತರರು ತೋಳನ್ನು ಸವರಿ ನೋಡಿ, "ನಮ್ಮ ಸಾಲಿ ಹುಡುಗರಿಗೂ ಇಂಥಾದೊಂದು ಇದ್ದಿದ್ರ ಚಲೋ ಇತ್ತು. ಯಾರು ಹೆದರ್‍ಯಾರ ಅಂತ ತಿಳೀತಿತ್ತು," ಎಂದರು.

ನದಾಫ್ ತೋಳಿನ ಪಟ್ಟಿ ಬಿಚ್ಚುತ್ತ, "ಹುಡುಗ್ರು ಕಚ್ಚಂಗಿಲ್ಲಲ್ರೀ ಸರ," ಎಂದ. "ಸುಮ್ಮಕ ಕುಂತಿರ್ತಾವ."

ಮಾಸ್ತರರು ತೋಳಿನ ಮೇಲಿಂದ ಕೈ ತೆಗೆದರು. ಸೈಕಲ್ಲು ಹತ್ತದೆ, ಅದನ್ನು ತಳ್ಳಿಕೊಂಡೇ ಊರ ಕಡೆ ನಡೆದರು.