ಹೆಗಲು ಮುಟ್ಟಿಕೊಳ್ಳದವನು

ಎಜಿದಿಯೊ ಜೈಲಿನ ವ್ಯಾನಿನಿಂದ ಇಳಿದು ಅಂಗಳದಲ್ಲಿ ನಿಂತಾಗ ಕತಾಲ್ದೊನ ಕೈಯಲ್ಲಿ ಕುರಿಹಾಲಿನ ಬಕೆಟ್ ಇತ್ತು. ಅದು ಕೆಳಗೆ ಬೀಳಲಿಲ್ಲ, ಅಷ್ಟರಮಟ್ಟಿಗೆ ಅವನು ಗಟ್ಟಿಗ. ಚಟ ಹತ್ತಿದ ಕೈದಿಗಳನ್ನು ಜೈಲಿನ ಬದಲು ಚಟ ಬಿಡಲು ಕಳಿಸುವ ಇಂಥ ಮನೆಗಳು ಇಟಲಿಯ ತುಂಬ ಇವೆ. ಅಷ್ಟನ್ನೂ ಬಿಟ್ಟು ನ್ಯಾಯಾಧೀಶರಿಗೆ ಈ ಗುಡ್ಡದ ಮೇಲಿನ ಮನೆಯೇ ಸಿಗಬೇಕಿತ್ತೆ?

ತಾರಾಂತೊ ಬಂದರಿನ ಮೀನುಪೇಟೆಯಲ್ಲಿ ಎಜಿದಿಯೊ ಅವನ ಹಳೆಯ ಗಿರಾಕಿ. ಕತಾಲ್ದೊ ಮೇಲೆ ಚಿಪ್ಪುಮೀನು, ಕೆಳಗೆ ಹೆರಾಯಿನ್ ಇಟ್ಟು ಮಾರುತ್ತಿದ್ದವನು. ಒಂದು ಚಿಟಿಕೆಯನ್ನೂ ತಾನು ಮುಟ್ಟಿದವನಲ್ಲ. ಅದು ಗೊತ್ತಿದ್ದವನು ಈ ಮನೆಯಲ್ಲಿ ಇಂದಿನವರೆಗೆ ಒಬ್ಬನೂ ಇರಲಿಲ್ಲ.

ಸಂಜೆ ಕೈತೊಳೆಯುವ ತೊಟ್ಟಿಯ ಬಳಿ ಎಜಿದಿಯೊ ಪಕ್ಕಕ್ಕೆ ಬಂದು ನಿಂತ.

"ಏನ್ ಸಾವ್ಕಾರ್ರೇ, ಅಂಗಡಿ ಮುಚ್ಚಿ ಗಿರಾಕಿ ಆಗ್ಬಿಟ್ರಾ?"

"ಮೆಲ್ಲಗೆ ಮಾತಾಡೋ."

"ಒಂದ್ ಸಿಗರೇಟೂ ಸೇದ್ದೋನಲ್ಲ ನೀನು. ಯಾವ ಡಾಕ್ಟ್ರು ನಂಬಿದ್ನೋ ನಿನ್ನ!" ಎಜಿದಿಯೊ ಅವನ ಭುಜ ತಟ್ಟಿದ. "ಹೆದರ್ಬೇಡ ಬಿಡು. ನಿನ್ ಗುಟ್ಟು ನನ್ ಹೊಟ್ಟೇಲಿ."

ಆ ಮಾತು ಕೇಳಿದ ಮೇಲೆ ಕತಾಲ್ದೊನಿಗೆ ಊಟ ಸೇರಲಿಲ್ಲ. ಚಟದವನ ಹೊಟ್ಟೆಯಲ್ಲಿ ಅನ್ನವೇ ನಿಲ್ಲುವುದಿಲ್ಲ, ಗುಟ್ಟು ನಿಲ್ಲುತ್ತದೆಯೆ? ಈ ಮನೆಯಲ್ಲಂತೂ ದಿನಾ ಬೆಳಿಗ್ಗೆ ಎಲ್ಲರೂ ಸುತ್ತ ಕುಳಿತು ಮನಸ್ಸಿನಲ್ಲಿದ್ದದ್ದನ್ನು ಕಕ್ಕಬೇಕು, ಅದೇ ಇಲ್ಲಿಯ ಮದ್ದು. ಎಂದೋ ಒಂದು ದಿನ ಎಜಿದಿಯೊ ಅಳುತ್ತ ತನ್ನ ಕತೆ ಹೇಳುವಾಗ ಇವನ ಕತೆಯೂ ಜಾರಿ ಬೀಳುತ್ತದೆ. ಆಮೇಲೆ ನ್ಯಾಯಾಧೀಶರು, ಆಮೇಲೆ ಜೈಲು. ಜೈಲಿನಲ್ಲಿ ಕತಾಲ್ದೊನಿಗೆ ಹೆರಾಯಿನ್ ಒದಗಿಸುತ್ತಿದ್ದ ಸಾವೆರಿಯೊ ಇದ್ದಾನೆ. ಸಿಕ್ಕಿಬಿದ್ದ ದಿನ ಕತಾಲ್ದೊ ಪೊಲೀಸರ ಕಿವಿಯಲ್ಲಿ ಉಸುರಿದ್ದು ಸಾವೆರಿಯೊನ ಹೆಸರನ್ನೇ. ಅದು ಸಾವೆರಿಯೊನಿಗೆ ತಿಳಿದಿದೆ ಎಂಬುದು ಕತಾಲ್ದೊನಿಗೂ ತಿಳಿದಿದೆ. ಒಳಗೆ ಹೋದರೆ ಮೊದಲ ರಾತ್ರಿಯ ಸೂಪು ಕುಡಿಯಲೂ ತಾನು ಉಳಿಯುವುದಿಲ್ಲ.

ಅದಕ್ಕೇ ಅವನು ಚಟಗಾರನಾದದ್ದು. ವಕೀಲ ದಾರಿ ತೋರಿಸಿದ, ಪರೀಕ್ಷೆಗೆ ನಿಜವಾಗಿಯೂ ಚಟವಿದ್ದ ಸೋದರಮಾವನ ಮಗ ತನ್ನ ಮೂತ್ರ ಕೊಟ್ಟ. ಉಳಿದದ್ದನ್ನು ಗಿರಾಕಿಗಳಿಂದ ಕಲಿತಿದ್ದ: ನಡುಕ, ಬೆವರು, ಸೋರುವ ಮೂಗು, ಹೊಟ್ಟೆ ಹಿಡಿದು ಮುದುಡುವುದು. ಇಲ್ಲಿಗೆ ಬಂದ ಮೊದಲ ವಾರ ಎಷ್ಟು ಚೆನ್ನಾಗಿ ನರಳಿದನೆಂದರೆ, ಪಕ್ಕದ ಮಂಚದವನು ಇವನ ಕಾಲು ತಿಕ್ಕುತ್ತ ತಾನೂ ಅತ್ತಿದ್ದ.

ಕೊಲ್ಲುವ ಯೋಚನೆ ಬರಲಿಲ್ಲವೆಂದಲ್ಲ. ಆದರೆ ಕತಾಲ್ದೊನಿಗೆ ರಕ್ತ ಕಂಡರೆ ತಲೆ ತಿರುಗುತ್ತಿತ್ತು. ಅದಕ್ಕಿಂತ ಚೊಕ್ಕಟವಾದ ಉಪಾಯ ಈ ಮನೆಯ ನಿಯಮದಲ್ಲೇ ಇತ್ತು. ಯಾರ ಹತ್ತಿರ ಮಾಲು ಸಿಕ್ಕರೂ ಪೊಲೀಸರಿಗೆ ಫೋನು, ಅವನು ಅಂದೇ ವಾಪಸ್ ಜೈಲಿಗೆ. ಹಾಗೆ ಹೋದವನು ಏನು ಬೊಗಳಿದರೂ ಹೊಟ್ಟೆಯುರಿಗೆ ಹೇಳುತ್ತಿದ್ದಾನೆ ಎಂದು ಜನ ತಳ್ಳಿಹಾಕುತ್ತಾರೆ. ಒಂದು ಪೊಟ್ಟಣ ಸಾಕು.

ಒಳಗೆ ತರುವುದೇ ಕಷ್ಟ. ನೋಡಲು ಬಂದವರ ಗಂಟುಮೂಟೆಗಳನ್ನು ಇಲ್ಲಿಯವರೇ ಜಾಲಾಡುತ್ತಾರೆ. ಕೇಕನ್ನು ಕೊಯ್ಯುತ್ತಾರೆ, ಟೂತ್‌ಪೇಸ್ಟ್ ಹಿಂಡುತ್ತಾರೆ, ಚಪ್ಪಲಿಯ ಅಟ್ಟೆ ಬಿಚ್ಚುತ್ತಾರೆ. ಹಾವಿನ ಹೆಜ್ಜೆ ಹಾವೇ ಬಲ್ಲದು. ಆದರೆ ಕತಾಲ್ದೊ ಚೀಸ್ ಮಾಡುವ ಕೋಣೆಯವನು, ಶನಿವಾರ ಪೇಟೆಯ ಸಂತೆಗೆ ಚೀಸ್ ಹೊತ್ತು ಹೋಗುವವನು. ನೋಡಲು ಬಂದ ಭಾವನ ಕಿವಿಯಲ್ಲಿ ಒಂದೇ ಮಾತು ಹಾಕಿದ. ಮುಂದಿನ ಸಂತೆಯಲ್ಲಿ ಒಬ್ಬ ಮುದುಕಿ ಚೀಸ್ ಕೊಂಡಳು, ಹೋದ ಸಲ ಒಯ್ದಿದ್ದೆನೆಂದು ಖಾಲಿ ಬುಟ್ಟಿ ಹಿಂತಿರುಗಿಸಿದಳು. ಮನೆಯದೇ ಬುಟ್ಟಿಯನ್ನು ಯಾರು ಜಾಲಾಡುತ್ತಾರೆ? ಅದರ ತಳದಲ್ಲಿ ಹೆಬ್ಬೆರಳಿನಷ್ಟು ದಪ್ಪದ, ಕಂದು ಟೇಪು ಸುತ್ತಿದ ಪೊಟ್ಟಣವಿತ್ತು.

ಅದನ್ನು ಚೀಸ್ ಮಾಗಿಸುವ ಹಲಗೆಯ ಹಿಂದೆ ಅಡಗಿಸಿದ. ಚೀಸನ್ನು ದಿನಾ ಮಗುಚಿಡುವವನು ಅವನೇ, ಅಲ್ಲಿ ಬೇರೆಯವರ ಕೈ ಹೋಗುವುದಿಲ್ಲ. ಆದರೂ ಯಾರಾದರೂ ಬಾಗಿಲು ತಳ್ಳಿದರೆ ಜೀವ ಬಾಯಿಗೆ ಬರುತ್ತಿತ್ತು. ಮುಟ್ಟಿದ್ದು ಕೈಗವಸು ಹಾಕಿಯೇ. ಬುಧವಾರ ನಸುಕಿನಲ್ಲಿ ಕುರಿಕೊಟ್ಟಿಗೆಯ ಹೊರಗೆ ಸಾಲಾಗಿಟ್ಟ ಬೂಟುಗಳಲ್ಲಿ ಎಜಿದಿಯೊನದನ್ನು ಹುಡುಕಿ ತುದಿಯವರೆಗೂ ತುರುಕಿದ. ಕಂಡು ಚುಚ್ಚಿಕೊಂಡನೋ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾನೆ. ಬಚ್ಚಿಟ್ಟನೋ, ಕತಾಲ್ದೊ ಒಂದು ಪಿಸುಮಾತು ಹರಿಬಿಟ್ಟರೆ ಶೋಧದಲ್ಲಿ ಸಿಕ್ಕಿಬೀಳುತ್ತಾನೆ. ಪುಡಿಗಾಗಿ ತಾಯಿಯ ಮದುವೆಯುಂಗುರ ಮಾರಿದವನು, ಮೂರನೆಯ ದಾರಿ ಅವನಿಗೆಲ್ಲಿದೆ?

ಎಜಿದಿಯೊ ಮೂರನೆಯ ದಾರಿ ಹಿಡಿದ. ಒಂದು ಕಾಲಲ್ಲಿ ಬೂಟು, ಇನ್ನೊಂದು ಕಾಲು ಬರಿದು, ಕೆಸರಿನಲ್ಲಿ ಕುಂಟುತ್ತ ಓರ್ನೆಲ್ಲಾಳ ಕೋಣೆಗೆ ಓಡಿದ. ಓರ್ನೆಲ್ಲಾ ಈ ಮನೆ ನಡೆಸುವವಳು. ಅರವತ್ತು ದಾಟಿದ ಹೆಂಗಸು, ಒಂದು ಕಾಲಕ್ಕೆ ತಾನೂ ರೋಮಿನ ಸ್ಟೇಷನ್ನಿನಲ್ಲಿ ಸೂಜಿ ಚುಚ್ಚಿಕೊಂಡು ಬಿದ್ದಿದ್ದವಳು. ಅವಳು ಗಂಟೆ ಬಾರಿಸಿದಳು.

ಎಲ್ಲರೂ ಸುತ್ತ ಕುಳಿತರು. ಅವಳು ನಡುವೆ ಒಂದು ಸ್ಟೂಲು ಎಳೆದು ಅದರ ಮೇಲೆ ಪೊಟ್ಟಣ ಇಟ್ಟಳು.

"ಎಜಿದಿಯೊ ಬೂಟಲ್ಲಿ ಇತ್ತು. ತಾನಾಗೇ ತಂದ್ಕೊಟ್ಟ. ಅವನು ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತಾನೆ."

"ಓರ್ನೆಲ್ಲಕ್ಕಾ, ಒಳಗಿಟ್ಬಿಡಕ್ಕಾ ಅದನ್ನ," ಎಂದ ಬ್ರೆಡ್ ಸುಡುವವನು.

"ಪೊಲೀಸ್ನೋರು ಗುಡ್ಡ ಹತ್ತುತಾ ಇದಾರೆ. ಅಲ್ಲೀವರೆಗೂ ಇಲ್ಲೇ ಇರುತ್ತೆ. ಯಾರು ಇಟ್ಟಿದ್ದು ಅಂತ ನಾನ್ ಕೇಳಲ್ಲ. ಸುಮ್ನೆ ಕೂತಿರಿ."

ಕತಾಲ್ದೊ ಭಯದಲ್ಲೂ ಲೆಕ್ಕ ಹಾಕಿದ. ಬೆರಳ ಗುರುತಿಲ್ಲ, ನೋಡಿದವರಿಲ್ಲ, ಮುದುಕಿ ಯಾರೆಂದು ಅವನಿಗೇ ಗೊತ್ತಿಲ್ಲ. ಎಜಿದಿಯೊ ತಪ್ಪಿಸಿಕೊಂಡ, ಹೋಗಲಿ, ಇನ್ನೊಂದು ಉಪಾಯ ಹೂಡಿದರಾಯಿತು. ಈಗ ಮುಖವೊಂದು ಕೈಕೊಡದಿದ್ದರೆ ಸಾಕು. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವ ದಡ್ಡ ತಾನಲ್ಲ. ತಪ್ಪು ಮಾಡದವನು ನೆಲ ನೋಡುವುದಿಲ್ಲ, ಪೊಟ್ಟಣವನ್ನೂ ನೋಡುವುದಿಲ್ಲ, ಮಾತಾಡುವವರ ಮುಖ ನೋಡುತ್ತಾನೆ. ಅವನು ಓರ್ನೆಲ್ಲಾಳ ಮುಖವನ್ನೇ ನೋಡುತ್ತ ಕುಳಿತ.

ಬ್ರೆಡ್ ಸುಡುವವನು ಮುಷ್ಟಿ ಕಚ್ಚಿಕೊಂಡಿದ್ದ, ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒಬ್ಬಳು ಎದ್ದುಹೋಗಲು ನೋಡಿ ಆಗದೆ ಮತ್ತೆ ಕುಳಿತಳು. ಎಜಿದಿಯೊ ಎರಡೂ ಕೈ ತೊಡೆಯ ಕೆಳಗೆ ಒತ್ತಿ ಹಿಡಿದು ನಡುಗುತ್ತಿದ್ದ. ಎಲ್ಲರ ಕಣ್ಣೂ ಸ್ಟೂಲಿನ ಮೇಲಿನ ಆ ಪೊಟ್ಟಣಕ್ಕೆ ಅಂಟಿಕೊಂಡಿತ್ತು. "ಟೇಪು ಕೂಡ ಕಿತ್ತಿಲ್ಲ," ಎಂದಳು ಓರ್ನೆಲ್ಲಾ, ಮೆತ್ತಗೆ. "ಗೇಟಿಂದ ಕೊಟ್ಟಿಗೆವರೆಗೂ ಯಾರೋ ಹೊತ್ತಿದಾರೆ, ಉಗುರಲ್ಲೂ ಕೆರೆದಿಲ್ಲ. ನಮ್ಮೋರ ಯಾರ ಕೈಲಾಗುತ್ತೆ ಅದು? ಇಷ್ಟು ವರ್ಷ ಆದ್ಮೇಲೂ ನನ್ ಕೈಲಾಗಲ್ಲ. ಅದಕ್ಕೇ ಅದರ ಕಡೆ ತಿರುಗ್ದೆ ನಿಮ್ ಮುಖಗಳನ್ನ ನೋಡ್ತಾ ಕೂತಿದೀನಿ." ಅಂಗಳದಲ್ಲಿ ಜೀಪು ಬಂದು ನಿಂತ ಸದ್ದಾಯಿತು. ಆ ಕೋಣೆಯಲ್ಲಿ ಪೊಟ್ಟಣ ನೋಡದೆ ಕುಳಿತವರು ಇಬ್ಬರೇ ಎಂಬುದು ಕತಾಲ್ದೊನಿಗೆ ಹೊಳೆದದ್ದು ಆಗ. ಒಬ್ಬಳು ಓರ್ನೆಲ್ಲಾ, ಇನ್ನೊಬ್ಬ ಅಷ್ಟು ಹೊತ್ತಿನಿಂದ ಅವಳ ಕಣ್ಣಲ್ಲಿ ಕಣ್ಣಿಟ್ಟು ಕುಳಿತಿದ್ದ ತಾನು.