ಬಾಗಳಿ ಕಂಬದಾಗ ಜಾರಿದ ಕೈ

"ಅಬ್ಬಾ, ಹತ್ತೂವರಿ ಆತು!"

ಸಲ್ಮಾ ಮೂರನೇ ಸಲ ಕೂಗಿದಳು. ಬಾಗಳಿಯ ಕಲ್ಲೇಶ್ವರ ಗುಡಿಯೊಳಗೆ ಅವಳ ದನಿ ಕಂಬದಿಂದ ಕಂಬಕ್ಕೆ ಬಡಿದು ವಾಪಸು ಬಂತು. ಅವಳ ಅಬ್ಬಾ ಮೌಲಾಹುಸೇನ ಮಾತ್ರ ತಿರುಗಿ ನೋಡಲಿಲ್ಲ. ಒಂದು ಕರಿಕಲ್ಲಿನ ಕಂಬದ ಸುತ್ತ ಬೆರಳಾಡಿಸುತ್ತ ನಿಂತೇ ಇದ್ದರು.

ಹರಪನಹಳ್ಳಿ ಬಸ್ ಸ್ಟ್ಯಾಂಡ್ ಹಿಂದೆ ಅಬ್ಬಾನ ಲೇತ್ ಅಂಗಡಿ. ಕಬ್ಬಿಣದ ಸರಳನ್ನು ಗರಗರ ತಿರುಗಿಸಿ, ಕೆರೆದು, ನುಣುಪು ಮಾಡುವ ಕೆಲಸ. ಭಾನುವಾರವೂ ರಜೆ ಇಲ್ಲ.

ಮೊನ್ನೆ ಹೊನ್ನೂರಮ್ಮ ಟೀಚರ್ ಕ್ಲಾಸಿನಲ್ಲಿ ಹೇಳಿದ್ದರು. "ಈ ಸಲ ಫೆಬ್ರವರಿ ಇಪ್ಪತ್ತೊಂಬತ್ತು ಭಾನುವಾರ ಬಂದೈತಿ. ನಾಲ್ಕು ವರ್ಷಕ್ಕೊಮ್ಮೆ ಸಿಗೋ ದಿನ. ನಮ್ಮ ತಾಲ್ಲೂಕಿನಾಗ ನೋಡದಿರೋ ಜಾಗ ನೋಡ್ಕೊಂಡು ಬರ್ರಿ. ಸೋಮವಾರ ಎಲ್ರೂ ಹೇಳಬೇಕು."

ಸಲ್ಮಾ ಎದ್ದು ನಿಂತು, "ಟೀಚರ್, ನಾನು ಉಚ್ಚಂಗಿದುರ್ಗದ ಕೋಟಿ ಹತ್ತತೀನಿ" ಅಂದುಬಿಟ್ಟಿದ್ದಳು.

ಹಿಂದಿನ ಬೆಂಚಿನ ಹುಲುಗೇಶ ಕಿಸಕ್ಕನೆ ನಕ್ಕಿದ್ದ. "ನಿಮ್ಮಪ್ಪ ಅಂಗಡಿ ಮುಚ್ಚೋದು ಫೆಬ್ರವರಿ ಮೂವತ್ತಕ್ಕ ಲೇ!"

ಇಡೀ ಕ್ಲಾಸು ನಕ್ಕಿತ್ತು.

ಆದರೆ ಇವತ್ತು ಬೆಳಿಗ್ಗೆ ಅಬ್ಬಾ ಅಂಗಡಿ ಮುಚ್ಚಿದ್ದರು. ಎಂ-80 ಗಾಡಿ ಹೊರಗೆ ತೆಗೆದು, "ಬಾಗಳಿ ಇಲ್ಲೇ ಐತಿ. ಹತ್ತು ನಿಮಿಷ ನೋಡಿ ದುರ್ಗಕ್ಕ ಹೋಗಿಬಿಡೋಣ. ಎರಡಕ್ಕ ಮೆಕ್ಕೆಜೋಳದ ಮಷಿನ್ ಶಾಫ್ಟ್ ಒಯ್ಯಾಕ ಬರ್ತಾರ, ಅಷ್ಟರಾಗ ವಾಪಸ್" ಅಂದಿದ್ದರು.

ಆ ಹತ್ತು ನಿಮಿಷ ಈಗ ಒಂದೂವರೆ ತಾಸಾಗಿತ್ತು.

ಗುಡಿ ಕಾಯುವ ಗುರುಸಂಗಪ್ಪಜ್ಜ ಕಸಬರಿಗೆ ಹಿಡಿದುಕೊಂಡೇ ಹತ್ತಿರ ಬಂದ. "ಏನ್ರಿ ಸಾಬ್ರ, ಏನರ ಕಳ್ಕೊಂಡೀರೇನು?"

"ಇಲ್ರಿ. ಇದು ಲೇತ್ ಕೆಲಸ ನೋಡ್ರಿ! ಹಿಂಗ ದುಂಡಗ ಗೆರಿ ಬರಬೇಕಂದ್ರ ಕಂಬ ತಿರುಗಿಸೇ ಕೆತ್ತ್ಯಾರ."

"ಸಾವಿರ ವರ್ಷದ ಗುಡಿರೀ. ಆಗ ಕರೆಂಟ್ ಎಲ್ಲಿತ್ತು?"

"ಈಗೇನ್ ಭಾಳ ಐತೇನ್ರಿ?"

ಅಜ್ಜ ಕೆಮ್ಮು ಬರುವ ಹಾಗೆ ನಕ್ಕ. ಸಲ್ಮಾಗೆ ನಗು ಬರಲಿಲ್ಲ. ಕಣ್ಣಲ್ಲಿ ನೀರೇ ಬಂತು.

"ನಾಳೆ ಹುಲುಗೇಶ ಏನಂತಾನ ಗೊತ್ತೇನು? ಕಂಬ ನೋಡಾಕ ಹೋಗಿದ್ಲು ಅಂತಾನ! ಕಂಬ ನಮ್ಮ ಓಣ್ಯಾಗೂ ಅದಾವ, ಲೈಟಿನ್ವು!"

ಅಬ್ಬಾನ ಮುಖ ಸಣ್ಣದಾಯಿತು. "ತಪ್ಪಾತು ಬೇಟಾ. ನಡಿ, ಹೋಗೋಣ."

ನಾಲ್ಕು ಹೆಜ್ಜೆ ಹೋದವರು ನಿಂತರು. "ಒಂದೇ ಒಂದು ನಿಮಿಷ. ಕಣ್ಣು ಮುಚ್ಚು. ಬೆರಳು ಕೊಡು."

ಸಲ್ಮಾಳ ಬೆರಳು ಹಿಡಿದು ಕಂಬದ ಗೆರೆಯೊಳಗೆ ಇಟ್ಟರು. ಕಲ್ಲು ತಣ್ಣಗಿತ್ತು. ಬೆರಳು ಗೆರೆಯ ಗುಂಟ ಸರಸರ ಸುತ್ತು ಹಾಕಿತು. ಒಂದು ಗೆರೆ, ಎರಡು ಗೆರೆ, ಮೂರು...

"ಇಲ್ಲಿ ಏನೋ ಐತಿ ಅಬ್ಬಾ. ಸಣ್ಣ ತಗ್ಗು."

"ಎಲ್ಲಿ?"

ಅಬ್ಬಾ ಅಲ್ಲಿ ತಮ್ಮ ಬೆರಳಿಟ್ಟರು. ಮತ್ತೊಮ್ಮೆ ಒತ್ತಿ ನೋಡಿದರು. ತಲೆ ಅಲ್ಲಾಡಿಸಿದರು. ಆಮೇಲೆ ಬಗ್ಗಿ ಕಲ್ಲಿಗೆ ಕೆನ್ನೆ ಹಚ್ಚಿದರು. ನಿಧಾನವಾಗಿ ಅವರ ಮುಖ ಅರಳಿತು.

"ಹೌದಲ್ಲ! ಎಂಥಾ ಮೇಸ್ತ್ರಿ ಇದ್ರೂ ಒಮ್ಮೆಯಾದ್ರೂ ಕೈ ಜಾರತೈತಿ. ಬೆಳಿಗ್ಗಿಯಿಂದ ಅದನ್ನೇ ಹುಡುಕಾಕ ಹತ್ತೀನಿ. ಸಿಕ್ಕಿರಲಿಲ್ಲ."

"ನನಗ ಒಮ್ಮೆಲೇ ಸಿಕ್ತಲ್ಲ?"

"ನಿನ್ನ ಬೆರಳು ಎಳೇದು. ಕಬ್ಬಿಣ ಹಿಡಿದೂ ಹಿಡಿದೂ ನನ್ನ ಬೆರಳಿನ ತುದಿಗೆ ಇಷ್ಟು ಸಣ್ಣದು ಈಗ ತಿಳಿಯಂಗಿಲ್ಲ." ಅಬ್ಬಾ ಇದನ್ನು ಹವಾಮಾನ ವರದಿ ಓದಿದಷ್ಟು ಸಾದಾ ಆಗಿ ಹೇಳಿದರು. ಆಮೇಲೆ ವಾಚು ನೋಡಿಕೊಂಡು ಗಾಬರಿಯಾದರು. "ಹನ್ನೊಂದಾತು! ಓಡು, ಗಾಡಿ ಜೋರು ಬಿಡ್ತೀನಿ. ಕೋಟಿ ಬಾಗಿಲಾದ್ರೂ ಮುಟ್ಟಿ ಬರೋಣ."

ಸಲ್ಮಾ ಓಡಲಿಲ್ಲ. ಅಬ್ಬಾನ ಕೈ ತೆಗೆದುಕೊಂಡು ತಿರುಗಿಸಿ ನೋಡಿದಳು. ಬೆರಳ ತುದಿಗಳು ಒಣಗಿದ ತೊಗಲಿನಂತೆ ಗಟ್ಟಿಯಾಗಿದ್ದವು. ಸೋಪು ಹಾಕಿದರೂ ಹೋಗದ ಕರಿ ಗೆರೆಗಳು. ತನ್ನ ಬೆರಳಿನಿಂದ ಅವನ್ನು ಮೆತ್ತಗೆ ಒತ್ತಿದಳು. ಅಬ್ಬಾಗೆ ಅದು ತಿಳಿದಂತೆ ಕಾಣಲಿಲ್ಲ. ಅವರು ಇನ್ನೂ ಹೊರಗಿನ ಬಿಸಿಲನ್ನೇ ನೋಡುತ್ತಿದ್ದರು.

"ಅಬ್ಬಾ."

"ಹೂಂ?"

"ಅಲ್ಲಿ ಮೂಲ್ಯಾಗಿನ ಕಂಬ ನೋಡೇ ಇಲ್ಲಲ್ಲ."

"ಮತ್ತ ಕೋಟಿ?"

ಸಲ್ಮಾ ಆಗಲೇ ಆ ಕೈಯನ್ನು ಹಿಡಿದು ಎಳೆದುಕೊಂಡು ಹೊರಟಿದ್ದಳು. ಮೂಲೆಯ ಕಂಬದ ಮುಂದೆ ನಿಂತು ಕಣ್ಣು ಮುಚ್ಚಿ, ಬೆರಳು ಚಾಚಿದಳು.

"ನಾ ಮುಟ್ಟಿ ಹೇಳ್ತೀನಿ," ಅಂದಳು, "ನೀವು ಕೇಳ್ರಿ."