ಐದನೇ ವರ್ಷದ ಕಾರ್ಡು

"ಇಲ್ಲಿ ಸೋಮಲಿಂಗಪ್ಪ ಅನ್ನೋರು... ಬದುಕಿದ್ದಾರಾ?"

ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದವನು ತಿರುಗಲಿಲ್ಲ.

"ಸ್ವಲ್ಪ ಇರಿ ಮೇಡಂ. ಉಪ್ಪು ಹಾಕಿ ಹೇಳ್ತೀನಿ."

ಗಿರಿಜಾದೇವಿ ನಾಲಿಗೆ ಕಚ್ಚಿಕೊಂಡಳು. ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಸಲ ಈ ಪ್ರಶ್ನೆಯನ್ನು ಬರೆಯುವವಳಿಗೆ ಅದು ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದೇ ಮರೆತುಹೋಗಿತ್ತು!

ಅವನು ಉಪ್ಪು ಹಾಕಿ, ಎರಡು ಹನಿ ಸಾರನ್ನು ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ, ಆಮೇಲೆ ತಿರುಗಿದ. ಎಡಗೆನ್ನೆ ಒಳಕ್ಕೆ ಕುಸಿದಿತ್ತು. ಕಿವಿಯಿಂದ ಗದ್ದದವರೆಗೆ ಹೊಲಿಗೆಯ ಗೆರೆ. ಆದರೆ ಗಿರಿಜೆಯ ನೋಟ ಮೊದಲು ನಿಂತಿದ್ದು ಅವನ ಕಣ್ಣುಗಳ ಮೇಲೆ. ಅವು ನಗುತ್ತಿದ್ದವು.

"ಬದುಕಿದ್ದಾನೆ," ಎಂದ. ಮಾತು ಸ್ವಲ್ಪ ತೊದಲುತ್ತಿತ್ತು. "ಊಟ ಮಾಡ್ಕೊಂಡು ಹೋಗಿ."

ಇದು ಸಾವಿರದ ಒಂಬೈನೂರ ಅರವತ್ತೈದರ ಮಾತು. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಅವನದು ಆರು ಬೆಂಚಿನ ಪುಟ್ಟ ಹೋಟೆಲು. ಬಡಿಸುವುದು ತಾಯಿ ಬಸವಲಿಂಗಮ್ಮ. ಅವನು ಅಡುಗೆಮನೆಯ ಬಾಗಿಲು ದಾಟಿ ಗಿರಾಕಿಗಳ ಮುಂದೆ ಬಂದವನೇ ಅಲ್ಲ.

ಗಿರಿಜೆಯದು ಆಸ್ಪತ್ರೆಯಲ್ಲಿ ಗುಮಾಸ್ತಿಕೆ. ಕ್ಯಾನ್ಸರ್ ಚಿಕಿತ್ಸೆ ಪಡೆದು ಮನೆಗೆ ಹೋದವರಿಗೆ ವರ್ಷಕ್ಕೊಂದು ಕಾರ್ಡು ಹಾಕಿ, ಯಾರಿದ್ದಾರೆ ಯಾರಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ನಾಲ್ಕು ವರ್ಷ ತಪ್ಪದೆ ಉತ್ತರ ಬರೆದಿದ್ದ ಸೋಮಲಿಂಗಪ್ಪ, ಐದನೇ ವರ್ಷದ ಕಾರ್ಡಿಗೂ, ನೆನಪಿಸಲು ಹಾಕಿದ ಇನ್ನೊಂದಕ್ಕೂ ಸುಮ್ಮನಿದ್ದ. ಅದಕ್ಕೇ ಹುಡುಕಿಕೊಂಡು ಬಂದಿದ್ದಳು.

ದೊಡ್ಡ ಡಾಕ್ಟರಿಗೆ ಬೇಕಾಗಿದ್ದು ಒಂದೇ. ಬಾಯಿಯ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡವರಲ್ಲಿ ಎಷ್ಟು ಜನ ಉಳಿದರು, ಕತ್ತರಿಸದೆ ಗಡ್ಡೆಯನ್ನು ಕಿರಣದಿಂದ ಸುಡುವ ರೇಡಿಯಂ ಸೂಜಿ ಹಾಕಿಸಿಕೊಂಡವರಲ್ಲಿ ಎಷ್ಟು ಜನ? ಆ ರಿಜಿಸ್ಟರಿನಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿತ್ತು. ಗಿರಿಜೆಗೆ ಅಷ್ಟು ಸಾಲದು. ಉಳಿದವರು ಹೇಗಿದ್ದಾರೆ ಅಂತ ಯಾರೂ ಕೇಳುವುದಿಲ್ಲವಲ್ಲ! ಯಾರನ್ನೂ ಕೇಳದೆ ಕೆಂಪು ಪೆನ್ಸಿಲಿನಲ್ಲಿ ತಾನೇ ಇನ್ನೊಂದು ಕಾಲಂ ಎಳೆದಿದ್ದಳು. ಊಟ ಸೇರುತ್ತದೆಯೇ, ಮಾತು ಬರುತ್ತದೆಯೇ, ನಾಲ್ಕು ಜನರ ನಡುವೆ ಹೋಗುತ್ತಾರೆಯೇ...

ಹುಡುಗಿ ಗಟ್ಟಿಗಿತ್ತಿ. ಡಾಕ್ಟರು ಮೊದಲು ಗೊಣಗಿದರು, ಆಮೇಲೆ ಆ ಕಾಲಮ್ಮನ್ನೇ ಮೊದಲು ಓದತೊಡಗಿದರು.

ಅಡುಗೆಮನೆಯಲ್ಲೇ ಎಲೆಯ ಮುಂದೆ ಕುಳಿತು ಅವಳು ಸೋಮಲಿಂಗಪ್ಪನನ್ನು ಕೇಳಿದಳು, ಆಪರೇಷನ್ನೇ ಯಾಕೆ ಒಪ್ಪಿದಿರಿ ಎಂದು.

ಎರಡು ದಾರಿ ಹೇಳಿದ್ದರಂತೆ. ಕತ್ತರಿಸಿದರೆ ಮುಖ ಕೆಡುತ್ತದೆ. ರೇಡಿಯಂ ಆದರೆ ಮುಖ ಉಳಿಯುತ್ತದೆ, ಆದರೆ ಬಾಯಿ ಒಣಗಬಹುದು, ರುಚಿ ಹೋಗಬಹುದು.

"ಅಡುಗೆಯವನಿಗೆ ಮುಖ ಯಾಕೆ ಮೇಡಂ? ನಾಲಿಗೆ ಇದ್ರೆ ಸಾಕು."

ಗಿರಿಜೆ ಅದನ್ನು ಬರೆದುಕೊಂಡಳು. ಬರೆಯುವಾಗ ಅಕ್ಷರ ಯಾಕೋ ಸೊಟ್ಟಗಾಯಿತು.

ಮುಂದಿನ ಶನಿವಾರ ಇನ್ನೊಂದು ಪ್ರಶ್ನೆ ಉಳಿದಿದೆ ಎಂದು ಬಂದಳು. ಅದರ ಮುಂದಿನ ಶನಿವಾರವೂ ಒಂದು ಉಳಿದಿತ್ತು. ಆಸ್ಪತ್ರೆಯ ಯಾವ ಕಾರ್ಡಿನಲ್ಲೂ ಅಷ್ಟು ಪ್ರಶ್ನೆಗಳಿಲ್ಲ ಎಂದು ಬಸವಲಿಂಗಮ್ಮನಿಗೂ ಗೊತ್ತಾಗಿತ್ತು! ಗಿರಿಜೆಯ ಪಾಲಿಗೆ ಹುರುಳಿ ಸಾರು ತೆಗೆದಿಡುವುದು, ಅವಳು ಬರುವ ಹೊತ್ತಿಗೆ ಮುದ್ದೆ ಕಟ್ಟುವುದು ಅವನಿಗೆ ರೂಢಿಯಾಯಿತು. ಅವಳ ಮುಂದೆ ಮಾತ್ರ ಅವನು ಎಡಗೆನ್ನೆಯನ್ನು ಟವೆಲಿನಿಂದ ಮರೆಮಾಡುತ್ತಿರಲಿಲ್ಲ.

'ಇವನ ಜೊತೆ ಕೂತರೆ ಹೊತ್ತೇ ಗೊತ್ತಾಗುವುದಿಲ್ಲ... ಇದಕ್ಕೆ ಯಾವ ಕಾಲಂ?'

ಒಂದು ಶನಿವಾರ ಸುತ್ತುಬಳಸದೆ ಕೇಳಿಯೇಬಿಟ್ಟಳು. "ನನ್ನ ಮದುವೆ ಆಗ್ತೀರಾ?"

ಅವನ ಕೈಯಲ್ಲಿದ್ದ ಸೌಟು ನಿಂತಿತು.

"ಬೇಡ ಮೇಡಂ. ಇನ್ಮೇಲೆ ಇಲ್ಲಿಗೆ ಬರಬೇಡಿ."

ಕಾರಣ ಕೇಳಿದಳು. ಅವನು ಒಲೆಯ ಕಡೆ ತಿರುಗಿಕೊಂಡ, ಅಷ್ಟೇ.

ಗಿರಿಜೆಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. 'ಕರುಣೆಯಿಂದ ಕೇಳಿದೆ ಅಂದುಕೊಂಡನಾ? ಇಷ್ಟು ದಿನ ನಾನು ಇವನಿಗೆ ಬರೀ ಆಸ್ಪತ್ರೆಯವಳಾ?' ಮನೆಗೆ ಹೋದ ಮೇಲೆ ಅಳುವೂ ಬಂತು. ಮೂರು ಶನಿವಾರ ಆ ಬೀದಿಗೆ ಕಾಲಿಡಲಿಲ್ಲ.

ನಾಲ್ಕನೇ ವಾರ ಬಸವಲಿಂಗಮ್ಮನೇ ಆಸ್ಪತ್ರೆಗೆ ಬಂದು, ಅವಳ ಮೇಜಿನ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗ ಹೋಟೆಲನ್ನು ಬೇರೆಯವರಿಗೆ ವಹಿಸಲು ಮಾತಾಡುತ್ತಿದ್ದಾನಂತೆ. ಸಾರಿನ ಪುಡಿಯ ಅಳತೆಯನ್ನೆಲ್ಲ ತಾಯಿಗೆ ಕಲಿಸುತ್ತಿದ್ದಾನಂತೆ.

"ಕಾರ್ತೀಕಕ್ಕೆ ಆಪರೇಷನ್ ಆಗಿ ಐದು ವರ್ಷ ತುಂಬುತ್ತೆ ಕಣಮ್ಮ. ಐದು ವರ್ಷ ಅಂತ ಡಾಕ್ಟರು ಆವತ್ತೇ ಹೇಳಿದ್ರಂತೆ, ಅಷ್ಟೇ ಆಯಸ್ಸಂತೆ. ನನಗೆ ನೆನ್ನೆ ಹೇಳ್ದ."

ಅಯ್ಯೋ ದೇವರೇ... ಕಾರ್ಡಿಗೆ ಉತ್ತರ ಬರೆಯದಿದ್ದುದು, ಬರಬೇಡಿ ಎಂದಿದ್ದು, ಎಲ್ಲವೂ ಗಿರಿಜೆಗೆ ಒಟ್ಟಿಗೇ ಅರ್ಥವಾಯಿತು! ಡಾಕ್ಟರ ಅಪ್ಪಣೆ ಪಡೆದು ಆ ದಪ್ಪ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು, ಬಸವಲಿಂಗಮ್ಮನ ಕೈ ಹಿಡಿದು ಬಸ್ಸು ಹತ್ತಿದಳು.

ಸೋಮಲಿಂಗಪ್ಪ ಬೇಳೆ ತೊಳೆಯುತ್ತಿದ್ದ. ಗಿರಿಜೆ ರಿಜಿಸ್ಟರನ್ನು ಅವನ ಮುಂದೆ ಬಿಚ್ಚಿಟ್ಟಳು.

"ಐದು ವರ್ಷ ಅಂದ್ರೆ ನಿಮ್ಮ ಆಯಸ್ಸಲ್ಲ. ಈ ಕಾಯಿಲೆ ವಾಪಸ್ ಬಂದ್ರೆ ಹೆಚ್ಚಾಗಿ ಐದು ವರ್ಷದೊಳಗೇ ಬರುತ್ತೆ. ಅದಕ್ಕೇ ಡಾಕ್ಟರು ಅಷ್ಟು ದಿನ ಕಾಯ್ತಾರೆ. ದಾಟಿದವರಿಗೆ ಭಯ ಕಮ್ಮಿ."

ಅವನು ನಂಬದವನಂತೆ ನೋಡಿದ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ವಸಂತಪುರದ ಮುದುಕಿಯೊಬ್ಬಳಿಗೆ ಆಪರೇಷನ್ ಆಗಿ ಎಂಟು ವರ್ಷ, ಈಗಲೂ ಮುದ್ದೆ ನುಂಗುತ್ತಾಳೆ. ರೇಡಿಯಂ ಆದ ಮೇಷ್ಟ್ರೊಬ್ಬರಿಗೆ ಏಳು ವರ್ಷ, ನೀರಿನ ಚೆಂಬು ಪಕ್ಕದಲ್ಲಿಟ್ಟುಕೊಂಡೇ ಪಾಠ ಮಾಡುತ್ತಾರೆ. ಹೋದವರ ಸಾಲುಗಳೂ ಇದ್ದವು. ಅವನ್ನೂ ಬಿಡದೆ ಓದಿದಳು.

"ನೂರು ವರ್ಷ ಅಂತ ಬರೆದು ಕೊಡೋಕೆ ನನಗಾಗಲ್ಲ. ಯಾರಿಗೂ ಆಗಲ್ಲ. ಆದ್ರೆ ಗಡುವು ಅಂತೂ ಯಾರೂ ಕೊಟ್ಟಿಲ್ಲ ನಿಮಗೆ."

ಅವನು ಬೇಳೆಯ ನೀರಿನಿಂದ ಕೈ ತೆಗೆದ. ಐದು ವರ್ಷದಿಂದ ಒಬ್ಬನೇ ಹೊತ್ತಿದ್ದ ಭಾರವದು. ಸೊಟ್ಟಗೆನ್ನೆಯ ಮೇಲೆ ಕಣ್ಣೀರು ಹೊಲಿಗೆಯ ಗೆರೆಗುಂಟ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬಸವಲಿಂಗಮ್ಮ ಹೊರಗಿನ ಬೆಂಚು ಒರೆಸಲು ಹೋದರು.

"ನಿಮ್ಮನ್ನ ಆರು ತಿಂಗಳಿಗೇ ವಿಧವೆ ಮಾಡಿಬಿಡ್ತೀನಿ ಅಂತ ಹೆದರಿದ್ದೆ," ಎಂದ. "ಇಷ್ಟ ಇಲ್ಲದೆ ಅಲ್ಲ ಗಿರಿಜಾ. ಬಾಗಿಲಲ್ಲಿ ನಿಂತು ಬದುಕಿದ್ದಾನಾ ಅಂತ ಕೇಳಿದ್ರಲ್ಲ, ಆವತ್ತಿಂದಲೇ ಬದುಕಬೇಕು ಅನ್ನಿಸ್ತಿತ್ತು."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು! ಗಿರಿಜೆ ಚೀಲದಿಂದ ಐದನೇ ವರ್ಷದ ಕಾರ್ಡನ್ನು ತೆಗೆದು, 'ಬದುಕಿದ್ದಾರೆ' ಎಂದು ತಾನೇ ಬರೆದಳು.

"ಮುಂದಿನ ವರ್ಷದಿಂದ ನಿಮಗೆ ಕಾರ್ಡು ಹಾಕಲ್ಲ," ಎಂದಳು.

"ಮತ್ತೆ?"

"ಮನೆಯಲ್ಲೇ ಕೇಳ್ತೀನಿ. ದಿನಾ ಬೆಳಿಗ್ಗೆ."

"ದಿನಾ ಒಂದೇ ಪ್ರಶ್ನೆನಾ?"

"ಅದೇ. ಸೋಮಲಿಂಗಪ್ಪ ಅನ್ನೋರು ಬದುಕಿದ್ದಾರಾ?"

ಅವನ ಕಣ್ಣುಗಳು ಮೊದಲ ದಿನದ ಹಾಗೆಯೇ ನಕ್ಕವು.

"ಸ್ವಲ್ಪ ಇರು," ಎಂದ. "ಉಪ್ಪು ಹಾಕಿ ಹೇಳ್ತೀನಿ."